ಎಂಜಲಜ್ಜ ಮುಗಿಸದ ಪುಸ್ತಕ

ಇದನ್ನು ಊಟ ಮಾಡುತ್ತಾ ಓದಬೇಡಿ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನನ್ನನ್ನು ಬೈಯಬಾರದು. ದೆವ್ವ ಅಂದರೆ ಬಿಳಿ ಬಟ್ಟೆ, ಕೆದರಿದ ಕೂದಲು ಅಂದುಕೊಂಡಿರುತ್ತೀರಿ. ಇದರಲ್ಲಿ ಅದೇನೂ ಇಲ್ಲ. ಇದರಲ್ಲಿ ಇರುವುದು ಎಂಜಲು.

ಆದದ್ದು ನನ್ನ ಅಕ್ಕನಿಗೆ. ಸ್ವಂತ ಅಕ್ಕ ಅಲ್ಲ, ಚಿಕ್ಕಮ್ಮನ ಮಗಳು. ನನಗಿಂತ ದೊಡ್ಡವಳು, ಅದಕ್ಕೆ ಅಕ್ಕ. ಸುಳ್ಳು ಹೇಳುವವಳಲ್ಲ. ಹೇಳಲು ಬರುವುದೂ ಇಲ್ಲ, ಮುಖ ಕೆಂಪಾಗಿಬಿಡುತ್ತದೆ.

ಬೇಸಿಗೆ ರಜೆ ಮುಗಿಯುತ್ತಿತ್ತು. ಅಕ್ಕ ಕೆಲಸ ಮಾಡುವುದು ಸಾರ್ವಜನಿಕ ಗ್ರಂಥಾಲಯದಲ್ಲಿ. ಮರುದಿನ ಅಲ್ಲಿ ಮಕ್ಕಳ ಓದಿನ ಹಬ್ಬ. ರಜೆಯಲ್ಲಿ ಹೆಚ್ಚು ಪುಸ್ತಕ ಓದಿದ ಮಗುವಿಗೆ ಕಾಗದದ ಕಿರೀಟ ತೊಡಿಸುತ್ತಾರೆ. ಬಣ್ಣದ ಸರ ಕಟ್ಟುತ್ತಾ ಕತ್ತಲಾಗಿಬಿಟ್ಟಿತ್ತು. ಅಕ್ಕ ಬಾಗಿಲಿಗೆ ಬೀಗ ಹಾಕಿ ಮಗಳ ಕೈಹಿಡಿದು ಹೊರಟಳು. ಮಗಳನ್ನು ನಾವೆಲ್ಲ ಗುಬ್ಬಿ ಅನ್ನುತ್ತೇವೆ. ಗ್ರಂಥಾಲಯದ ಹಿಂದೆ ಒಂದು ಹಳೇ ಬಾವಿ. ಮೇಲೆ ಕಬ್ಬಿಣದ ಜಾಲರಿ ಹಾಕಿದ್ದಾರೆ, ಯಾರೂ ಬೀಳುವುದಿಲ್ಲ. ಅದನ್ನು ದಾಟುವಾಗ ಹಿಂದಿನಿಂದ ಸದ್ದು ಕೇಳಿಸಿತು.

ಚಪ್...

ಸ್ವಲ್ಪ ಬಿಟ್ಟು... ಸರಕ್.

ಮೊದಲನೆಯದು ಒದ್ದೆ ಸದ್ದು. ಬೆರಳನ್ನು ನಾಲಿಗೆಗೆ ಒತ್ತಿ ತೆಗೆದಾಗ ಬರುತ್ತದಲ್ಲ, ಅದು. ಎರಡನೆಯದು ಒಣ ಸದ್ದು. ಹಾಳೆ ತಿರುವಲು ಯತ್ನಿಸಿದ ಹಾಗೆ.

ಅಕ್ಕ ನಿಂತಲ್ಲೇ ನಿಂತಳು. ಆ ಸದ್ದು ಮಾಡುತ್ತಿದ್ದ ಮನುಷ್ಯ ಚಳಿಗಾಲದಲ್ಲೇ ಸತ್ತುಹೋಗಿದ್ದ.

ಅವನು ಯಾರೆಂದು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಗ್ರಂಥಾಲಯದವರು ಬೆನ್ನ ಹಿಂದೆ ಅವನನ್ನು ಎಂಜಲಜ್ಜ ಅನ್ನುತ್ತಿದ್ದರು. ಕಿಟಕಿ ಪಕ್ಕದ ಮರದ ಕುರ್ಚಿ ಅವನದು. ಓದಲು ಕಲಿತದ್ದೇ ಮುದುಕನಾದ ಮೇಲೆ, ಹಾಗಾಗಿ ದೊಡ್ಡಕ್ಷರದ ಮಕ್ಕಳ ಪುಸ್ತಕವೇ ಆಗಬೇಕು. ಬಾಯಲ್ಲಿ ಯಾವಾಗಲೂ ಕಂದು ಬಣ್ಣದ ಕೆಮ್ಮಿನ ಗುಳಿಗೆ. ಅದನ್ನು ಚೀಪುತ್ತಾ, ಬೆರಳು ನೆಕ್ಕಿ ನೆಕ್ಕಿ ಹಾಳೆ ತಿರುವುತ್ತಿದ್ದ. ಪ್ರತಿ ಹಾಳೆಯ ಮೂಲೆಯೂ ಕಂದಾಗಿ, ಮುದುಡಿ, ಅಂಟಂಟು. ಅಕ್ಕನ ಕೆಲಸ ಹರಿದ ಪುಸ್ತಕ ಹೊಲಿಯುವುದು, ಕೊಳೆ ಒರೆಸುವುದು. ಅಜ್ಜನ ಪುಸ್ತಕ ಬಂತೆಂದರೆ ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಳ್ಳುತ್ತಿದ್ದಳು. ಆದರೂ ಆ ದಿನ ಊಟ ಸೇರುತ್ತಿರಲಿಲ್ಲವಂತೆ.

ಒಂದು ದಿನ ಅವಳು ನೋಡುತ್ತಿದ್ದಂತೆಯೇ ಅಜ್ಜ ಬೆರಳೆತ್ತಿದ. ಬೆರಳಿಗೂ ಹಾಳೆಗೂ ನಡುವೆ ಕಂದು ಜೊಲ್ಲಿನ ಎಳೆಯೊಂದು ಉದ್ದಕ್ಕೆ ಎಳೆದುಕೊಂಡಿತು... ತುಂಡಾಗಲೇ ಇಲ್ಲ. ಅಕ್ಕ ಎದ್ದುಹೋಗಿ ಪುಸ್ತಕ ಕಸಿದುಕೊಂಡಳು.

"ಸಾಕು ಅಜ್ಜ. ಮಕ್ಕಳು ಮುಟ್ಟೋ ಪುಸ್ತಕ ಇದು."

"ಇನ್ನೊಂದು ಚೂರು ಇದೆ ಕಣಮ್ಮ. ಕತ್ತೆ ಸಮುದ್ರದವರೆಗೂ ಹೋಗುತ್ತೋ ಇಲ್ವೋ ನೋಡಿಬಿಟ್ಟು..."

"ಹೋದ್ರೆ ನಿಮಗೇನು, ಬಿಟ್ರೆ ನಿಮಗೇನು?"

ಸಮುದ್ರ ನೋಡಲು ಹೊರಟ ಒಂದು ಕತ್ತೆಯ ಕತೆ ಅದು. ಅಜ್ಜ ಎದ್ದುಹೋದ. ಮತ್ತೆ ಬರಲಿಲ್ಲ. ಸತ್ತ ಸುದ್ದಿ ಬಂತು.

ಬೇಸಿಗೆ ಬಂದಾಗ ಗೋಡೆಯ ಮೇಲೆ ಕಾಗದದ ಮರ ಮಾಡಿದರು. ಒಂದು ಪುಸ್ತಕ ಓದಿದ ಮಗು ಅದಕ್ಕೆ ಒಂದು ಎಲೆ ಅಂಟಿಸಬೇಕು. ಎಲೆಗೆ ಬಣ್ಣದ ಕಾಗದ ಬಂದಿರಲಿಲ್ಲ. ಅಕ್ಕ ಯೋಚಿಸಿದಳು. ಅಜ್ಜ ಕೆಡಿಸಿದ ಪುಸ್ತಕಗಳು ಹೇಗೂ ರದ್ದಿಗೆ ಹೋಗುವಂಥವು. ಮೂಲೆ ಕತ್ತರಿಸಿ ಎಸೆದರೆ ಉಳಿದ ಹಾಳೆ ಚೊಕ್ಕವಾಗಿಯೇ ಇದೆಯಲ್ಲ? ಹಾಳೆಗೊಂದರಂತೆ ಎಲೆ ಕತ್ತರಿಸಿದಳು. ಹಿಂದೆ ಗೋಂದು ಸವರಿ ಒಣಗಿಸಿದಳು. ಅಂಚೆಚೀಟಿಯ ಹಾಗೆ, ನೆಕ್ಕಿದರೆ ಅಂಟುತ್ತದೆ.

ಹೌದು. ಮಕ್ಕಳು ನೆಕ್ಕಿದರು. ರಜೆ ಪೂರ್ತಿ ನೆಕ್ಕಿದರು. ಎಲ್ಲರಿಗಿಂತ ಹೆಚ್ಚು ನೆಕ್ಕಿದ್ದು ಗುಬ್ಬಿ, ಯಾಕೆಂದರೆ ಎಲ್ಲರಿಗಿಂತ ಹೆಚ್ಚು ಓದಿದ್ದು ಅವಳು. ಕತ್ತೆಯ ಕತೆಯ ಎಲೆಗಳನ್ನೆಲ್ಲ ತಾನೇ ಆರಿಸಿ, ಸಾಲಾಗಿ ಒಂದೇ ಕೊಂಬೆಗೆ ಅಂಟಿಸಿದ್ದಳು.

ಆಮೇಲೆ ಗುಬ್ಬಿಯ ಬಾಯಿ ಒಣಗತೊಡಗಿತು. ಬಾಯಾರಿಕೆ ಅಲ್ಲ. ಎಂಜಲೇ ಇಲ್ಲ. ತುತ್ತು ಗಂಟಲಲ್ಲಿ ಇಳಿಯದು. ಬಾಯಿ ತೆರೆಸಿದರೆ ನಾಲಿಗೆ ಬಿಸಿಲಿಗೆ ಹಾಕಿದ ಚರ್ಮದ ತುಂಡಿನ ಹಾಗೆ, ಅಂಚು ಮೇಲಕ್ಕೆ ಸುರುಟಿಕೊಂಡು... ಡಾಕ್ಟರು ನೀರು ಕುಡಿಸಿ ಅಂದರು. ಕುಡಿಸಿದರು. ಮಗು ಕಣ್ಣೆದುರೇ ಕಡ್ಡಿಯಾಗುತ್ತಿತ್ತು. ಅತ್ತ ಗೋಡೆಯ ಮರದಲ್ಲಿ ಗುಬ್ಬಿ ಅಂಟಿಸಿದ ಕೊಂಬೆಯ ಎಲೆಗಳು ಮಾತ್ರ ದಿನಾ ಬೆಳಿಗ್ಗೆ ಒದ್ದೆ. "ಗೋಡೆಗೆ ತೇವ ಹಿಡಿದಿದೆ ಬಿಡಿ" ಅಂದರು ಗ್ರಂಥಪಾಲಕರು. ಸುಡುಬೇಸಿಗೆಯಲ್ಲಿ ಎಲ್ಲಿಯ ತೇವ?

ಈಗ ಬಾವಿಯ ಹತ್ತಿರಕ್ಕೆ ಬರುತ್ತೇನೆ.

ಅಕ್ಕ ತಿರುಗಿ ನೋಡಲಿಲ್ಲ. ಪಿಸುಗುಟ್ಟಿದಳು. "ಗುಬ್ಬಿ... ನೀನಾ?"

"ಅಲ್ಲಮ್ಮ. ಅಜ್ಜ." ಪ್ರತಿ ಮಾತಿಗೂ ಮಗುವಿನ ನಾಲಿಗೆ ಅಂಗುಳಕ್ಕೆ ಅಂಟಿ ಟಕ್, ಟಕ್ ಎಂದು ಬಿಡುತ್ತಿತ್ತು.

"ಯಾವ ಅಜ್ಜ?"

"ಕಿಟಕಿ ಅಜ್ಜ. ಎಲೆ ತಿರುವೋಕೆ ಆಗ್ತಿಲ್ಲವಂತೆ. ಹಿಂದೆ ಇರೋದು ಓದ್ಬೇಕಂತೆ. ಅವರ ಬಾಯಿ ಒಣಗಿಹೋಗಿದೆ. ನನ್ನ ಎಂಜಲು ಕೇಳಿದ್ರು."

"...ಕೊಟ್ಟೆಯಾ?"

"ಎಷ್ಟು ಬೇಕೋ ತಗೋ ಅಂದೆ."

ಚಪ್... ಸರಕ್. ಈಗ ಹತ್ತಿರದಲ್ಲಿ. ಕೆಮ್ಮಿನ ಗುಳಿಗೆಯ ವಾಸನೆ.

"ವಾಪಸ್ ಕೇಳು."

"ಕತೆ ಮುಗಿದ್ರೆ ಕೊಡ್ತಾರಂತೆ. ನಾನು ಹೇಳಿದ್ರೆ ಆಗಲ್ಲ. ಕಸಿದುಕೊಂಡೋರೇ ಹೇಳ್ಬೇಕಂತೆ."

ಅಕ್ಕ ಮಗಳನ್ನು ಎತ್ತಿಕೊಂಡು ವಾಪಸ್ ಹೋದಳು. ಬೇರೆಯವರಾಗಿದ್ದರೆ ಮನೆಗೆ ಓಡುತ್ತಿದ್ದರು. ಆದರೆ ಮನೆಯಲ್ಲಿ ಮಾಡುವುದೇನು? ಮಗು ಅನ್ನ ನುಂಗದೆ ಎಷ್ಟು ದಿನ ಇರುತ್ತದೆ?

ದೀಪ ಹಾಕಿದಳು. ಕಿಟಕಿ ಪಕ್ಕದ ಕುರ್ಚಿ ಖಾಲಿ. ಅದರ ಕೈಗಳ ಮೇಲೆ ಮಾತ್ರ ಕಂದು ಪಸೆ, ದೀಪಕ್ಕೆ ಹೊಳೆಯುತ್ತಿತ್ತು. ಅಜ್ಜ ನಿಲ್ಲಿಸಿದ ಜಾಗ ಅಕ್ಕನಿಗೆ ನೆನಪಿತ್ತು. ಎಳೆ ಎಳೆದುಕೊಂಡ ಆ ಹಾಳೆ, ಅದನ್ನು ಹೇಗೆ ಮರೆಯುತ್ತಾಳೆ? ಅಲ್ಲಿಂದ ಮುಂದಿನ ಎಲೆಗಳ ಮುಂಭಾಗ ಗಟ್ಟಿಯಾಗಿ ಓದಿದಳು. ಹಿಂಭಾಗ ಓದಬೇಕೆಂದರೆ ಎಲೆಯನ್ನು ಗೋಡೆಯಿಂದ ಕೀಳಬೇಕು. ಬೆಳಗಿನ ತೇವ ಆಗಲೇ ಆರಿತ್ತು. ಒಣಗೋಂದು, ಉಗುರು ಹಾಕಿದರೆ ಹರಿಯುತ್ತದೆ. ನೆನೆಸಬೇಕು. ನಲ್ಲಿಯಲ್ಲಿ ನೀರಿಲ್ಲ. ಬಾಟಲಿಯ ನೀರನ್ನು ಗುಬ್ಬಿ ಆಗಲೇ ಮುಗಿಸಿದ್ದಳು.

ಅಕ್ಕ ಬೆರಳು ನೆಕ್ಕಿದಳು. ಎಲೆಯ ಅಂಚಿಗೆ ಒತ್ತಿದಳು. ಸಾಲಲಿಲ್ಲ. ಅದೇ ಬೆರಳನ್ನು ಮತ್ತೆ ಬಾಯಿಗೆ ಇಡಬೇಕಾಯಿತು... ಗುಳಿಗೆಯ ಸಿಹಿ, ಕಹಿ, ಹಳಸಿದ ಗೋಂದು. ಬಾಯಿಗೆ ಬಂದ ವಾಂತಿಯನ್ನು ಹಾಗೇ ನುಂಗಿದಳು. ನೆಕ್ಕಿದಳು, ಬಿಡಿಸಿದಳು, ಓದಿದಳು. ಬೆಟ್ಟ ಇಳಿಯಿತು ಕತ್ತೆ. ಮರಳು ಕಂಡಿತು. ಪ್ರತಿ ಎಲೆ ಮುಗಿದಾಗಲೂ ಕುರ್ಚಿಯಿಂದ ಒಂದು ಸದ್ದು. ಸರಕ್. ಚಪ್ ಇಲ್ಲ. ಆ ಅರ್ಧ ಈಗ ಅಕ್ಕನ ಪಾಲಿಗೆ ಬಂದಿತ್ತು.

ಕೊನೆಯ ಎಲೆ ಇರಲಿಲ್ಲ.

"ಗುಬ್ಬಿ, ಕೊನೇದು ಎಲ್ಲಿ?"

"ನಾಲಿಗೆಗೆ ಅಂಟಿಕೊಂಡುಬಿಡ್ತು. ಬಿಡಿಸೋಕೆ ಬರಲಿಲ್ಲ. ನೀರು ಕುಡಿದೆ... ಒಳಗೆ ಹೋಯ್ತು."

"ಅದರಲ್ಲಿ ಏನಿತ್ತು? ಓದಿದ್ದೆಯಾ?"

ಗುಬ್ಬಿ ಅಮ್ಮನ ಕಿವಿಯಲ್ಲಿ ಹೇಳಿದಳು. ಅಕ್ಕ ಖಾಲಿ ಕುರ್ಚಿಯ ಪಕ್ಕ ಮೊಣಕಾಲೂರಿ ಕೂತಳು. ಸೆರಗಿಗೆ ಪಸೆ ಮೆತ್ತಿತು. ಸರಿಸಿಕೊಳ್ಳಲಿಲ್ಲ.

"ಕತ್ತೆ ನೀರಿಗೆ ಮೂತಿ ಇಟ್ಟಿತು. ಉಪ್ಪಾಗಿತ್ತು. ಆದರೂ ಕುಡಿಯಿತು," ಅಂದಳು. "ಮುಗೀತು ಅಜ್ಜ. ಸಮುದ್ರದವರೆಗೂ ಹೋಯ್ತು."

ಸದ್ದಿಲ್ಲ...

ಆಮೇಲೆ ಕುರ್ಚಿಯಿಂದ, ಗುಳಿಗೆ ನುಂಗಿದ ಹಾಗೆ... ಗುಟುಕ್.

ತಿರುಗಿ ನೋಡಿದರೆ ಗುಬ್ಬಿಯ ಬಾಯಿಂದ ಜೊಲ್ಲು ಸುರಿಯುತ್ತಿತ್ತು. ಗಲ್ಲದಿಂದ ಕತ್ತಿಗೆ, ಕತ್ತಿನಿಂದ ಫ್ರಾಕಿಗೆ. ಜೊಲ್ಲು ಕಂಡರೆ ಆಗದ ಅಕ್ಕ ಅದನ್ನು ಒರೆಸಲಿಲ್ಲ. ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಳಂತೆ.

"ಅಮ್ಮ, ಹಸಿವು," ಅಂದಿತು ಮಗು.

ಮರುದಿನ ಹಬ್ಬಕ್ಕೆ ನಾನೂ ಹೋಗಿದ್ದೆ, ಬಲೂನು ಊದುವ ಕೆಲಸಕ್ಕೆ. ಗುಬ್ಬಿಗೆ ಕಿರೀಟ ತೊಡಿಸಿದರು. ಕೆನ್ನೆ ತುಂಬಾ ಕೇಕು ಮೆತ್ತಿಕೊಂಡು ತಿನ್ನುತ್ತಿದ್ದಳು. ಗ್ರಂಥಪಾಲಕರು, "ಏನಮ್ಮ, ನಿನ್ನೆವರೆಗೂ ಉಪವಾಸ, ಇವತ್ತು ನಮ್ಮ ಪಾಲನ್ನೂ ಬಿಡಲ್ವಾ?" ಎಂದು ನಗಿಸಿದರು. ಅಕ್ಕ ನಗಲಿಲ್ಲ. ಗೋಡೆಯ ಮರದ ತುದಿಯನ್ನು ನೋಡುತ್ತಿದ್ದಳು. ಮಕ್ಕಳ ಕೈಗೆಟುಕದ ಎತ್ತರ ಅದು, ಏಣಿ ಬೇಕು.

ಏಣಿ ಹತ್ತಿದವನು ನಾನೇ. ಅದಕ್ಕೇ ಇಷ್ಟು ಧೈರ್ಯವಾಗಿ ಬರೆಯುತ್ತಿದ್ದೇನೆ, ನೀವು ನಂಬಿ, ಬಿಡಿ. ತುದಿಯಲ್ಲಿ ಒಂದೇ ಒಂದು ಎಲೆ ಹೊಸದಾಗಿ ಅಂಟಿತ್ತು. ನೀರಿಗೆ ಮೂತಿ ಇಟ್ಟ ಕತ್ತೆಯ ಚಿತ್ರ, ಕೆಳಗೆ ದೊಡ್ಡಕ್ಷರದಲ್ಲಿ ಅದೇ ಮಾತು. ಅಂಚಿನಲ್ಲಿ ಪುಟ್ಟ ಹಲ್ಲಿನ ಗುರುತು. ಮುಟ್ಟಿದೆ.

ಇನ್ನೂ ಬೆಚ್ಚಗಿತ್ತು.