ಬೇಸ್ ಗಿಟಾರಿಗೆ ಹೊಸ ಹಗ್ಗ

ಹಾಸನದ ಬಸ್ ನಿಲ್ದಾಣದಲ್ಲಿ ಸೊಪ್ಪಿನ ಚೀಲ ಕಾಲ ಬಳಿ ಇಟ್ಟುಕೊಂಡು ಹೊಳೆನರಸೀಪುರದ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಅಪ್ಪ, ಮಗಳು ಕೂತಿದ್ದರು. ಯಾರದೋ ಮನೆಯಿಂದ ಆಗಷ್ಟೇ ಕೊಂಡು ತಂದ ಹಳೇ ಬೇಸ್ ಗಿಟಾರನ್ನು ಮಗಳು ಚೀಲ ಬಿಚ್ಚಿ ನೋಡುತ್ತಿದ್ದಳು.

"ಅಪ್ಪಾ, ಇದರ ಬೆಲ್ಟ್ ಎಲ್ಲಿ?"

"ಅಲ್ಲೇ ಬುಟ್ಟು ಬಂದೆ. ಆವಯ್ಯ ಕೊಡಕ್ಕೆ ಬಂದ, ನಾನೇ ಬ್ಯಾಡ ಅಂದೆ."

"ಯಾಕೆ?"

"ಹಸ ಕೊಂಡ್ರೆ ಮಾರಿದೋರ ಹಗ್ಗಾನೂ ಇಸ್ಕೊಂಡು ಬತ್ತಾರಾ? ಹಗ್ಗ ಅವರಿಗೇ ಬುಡಬೇಕು ಕಣವ್ವ."

"ಇದೇನು ಹಸಾನಾ? ನಾಳೆ ಕಾಲೇಜಲ್ಲಿ ನಿಂತ್ಕೊಂಡು ನುಡಿಸ್ಬೇಕು. ಬೆಲ್ಟ್ ಇಲ್ದೆ ಹೆಂಗೆ ಹಿಡ್ಕೊಳ್ಳಲಿ? ಅಂಗಡೀಲಿ ಹೊಸ ಗಿಟಾರೇ ತಗೊಂಡಿದ್ರೆ ಬೆಲ್ಟೂ ಜೊತೇಲೇ ಬರ್ತಿತ್ತು."

"ಹೊಸದು ಡಬ್ಬ ಬಡಿದಂಗೆ ಕೇಳ್ತದೆ ಅಂದೋಳು ನೀನೇ."

"ಅದೇನೋ ನಿಜ. ಇದು ಎದೆ ಒಳಗೇ ಗುಂಯ್ ಅನ್ನುತ್ತೆ."

"ಆವಯ್ಯನೂ ಅಂಗೇ ಅಂದ. ಕೊಡುವಾಗ ಅದರ ಬೆನ್ನು ಸವರ್ತಾ ಇದ್ದ, ನೋಡ್ಲಿಲ್ವಾ? ಹಗ್ಗಾನಾದ್ರೂ ಇರ್ಲಿ ಅವನಿಗೆ."

ಮಗಳು ಗಿಟಾರನ್ನು ಒಳಗಿಟ್ಟು ಚೀಲದ ಜಿಪ್ ಎಳೆದಳು.

"ಹೊಸ ಬೆಲ್ಟ್ ನೀನೇ ಕೊಡಿಸ್ಬೇಕು, ಈಗಲೇ. ಕೆಂಪು ಬಣ್ಣದ್ದು."

"ಕರೀದು ತಗೋ. ದೃಷ್ಟಿ ಆಗಲ್ಲ."

ಅಷ್ಟರಲ್ಲಿ ಅವರು ಕಾಯುತ್ತಿದ್ದ ಮಲ್ಲಿಪಟ್ಟಣದ ಬಸ್ಸು ಬಂತು. ಅದನ್ನು ಬಿಟ್ಟು ಇಬ್ಬರೂ ಪೇಟೆಯ ಕಡೆ ನಡೆದರು.