ಚಿತ್ರದ ಮೇಲೆ ಕೈಯಿಟ್ಟು

ಹಲ್ಲಿನ ಡಾಕ್ಟರ ಕೋಣೆಯ ಹೊರಗೆ, ನನ್ನ ಪಕ್ಕದ ಬೆಂಚಿನಲ್ಲಿ ಅಕ್ಕತಂಗಿಯರು ಕೂತಿದ್ದರು. ಅಕ್ಕ ಊದಿದ ಕೆನ್ನೆ ಹಿಡಿದುಕೊಂಡಿದ್ದಳು. ಶಾಲೆಯೊಂದರಲ್ಲಿ ಟೀಚರಿಗೆ ಸಹಾಯಕಿಯಾಗಿರುವ ತಂಗಿ ಸಿಟ್ಟಿನಿಂದ ಕುದಿಯುತ್ತಿದ್ದಳು.

“ತರಬೇತೀಲಿ ಹೇಳಿಕೊಟ್ಟ ಹಾಗೆ ಚಿತ್ರದ ಮೇಲೆ ಕೈಯಿಟ್ಟು ಮುಚ್ಚಿ, ಒಬ್ಬ ಹುಡುಗನ ಕೈಲಿ ಓದಿಸ್ದೆ ಕಣಕ್ಕ. ‘ಮೇಕೆ’ ಅಂತ ಬರೆದಿದೆ. ಆ ಹುಡುಗ ನನ್ನ ಮುಖ ನೋಡ್ತಾನೆ! ಇಷ್ಟು ದಿನ ಚಿತ್ರ ನೋಡಿ ಹೇಳ್ತಿದ್ದ, ಅಷ್ಟೇ.”

“ಟೀಚರ್ ಏನಂದ್ರು?”

“ಓದ್ತಿದ್ದ ಮಗೂನ ಕೆಡಿಸ್ಬೇಡ, ಹೋಗಿ ಬೋರ್ಡ್ ಒರೆಸು ಅಂದ್ರು! ಬೋರ್ಡ್ ಒರೆಸೋಕೆ ನನಗೆ ತರಬೇತಿ ಯಾಕೆ ಕೊಟ್ರು?”

“ನಿನಗ್ಯಾಕೆ ಬೇಕಿತ್ತು ಅಧಿಕಪ್ರಸಂಗ? ನನ್ನ ಮಗಳು ಪುಟ್ಟೀನೂ ಚಿತ್ರ ನೋಡ್ಕೊಂಡೇ ಗಡಗಡ ಓದ್ತಾಳಲ್ಲ.”

“ಅಕ್ಷರ ಕೂಡಿಸೋಕೆ ಬರದಿದ್ರೆ ಅದು ಓದಾ ಅಕ್ಕ? ನಾಳೆ ಔಷಧಿ ಬಾಟಲಿ ಮೇಲೆ ಮೇಕೆ ಕೂತಿರುತ್ತಾ?”

ಅಕ್ಕ ನಗಲು ಹೋಗಿ ನೋವಿಗೆ “ಅಮ್ಮಾ” ಎಂದಳು. ಆಮೇಲೆ ಕೆನ್ನೆ ಒತ್ತಿಕೊಂಡೇ ತಂಗಿಯ ಕಡೆ ತಿರುಗಿದಳು.

“ಪುಟ್ಟಿ ಪುಸ್ತಕದ ತುಂಬಾ ಚಿತ್ರಾನೇ ಕಣೇ.”

ಒಳಗಿಂದ ಕರೆದರು. ಇಬ್ಬರೂ ಎದ್ದರು. ಬಾಗಿಲ ಬಳಿ ಅಕ್ಕ ತಿರುಗಿದಳು.

“ಸಂಜೆ ಮನೆಗೆ ಬಂದು ಅವಳನ್ನೂ ಹಾಗೇ ಓದಿಸಿ ನೋಡು. ನಾನಂತೂ ಅದನ್ನ ನೋಡೋಕೆ ಅಡುಗೆಮನೆಯಿಂದ ಹೊರಗೆ ಬರಲ್ಲ.”