ನಿಘಂಟಿನವರೆಗಿನ ನಡಿಗೆ

ಮುಂದಿನ ಸಾಲಿನಲ್ಲಿ ಕುಳಿತಿರುವ, ನಮ್ಮ ಸಾರ್ ಅವರ ಶ್ರೀಮತಿ ಅಮ್ಮನವರಿಗೆ, ಅವರ ಮಗಳಿಗೆ, ನಮ್ಮ ಮುದ್ರಣಾಲಯದ ಯಜಮಾನರಿಗೆ, ಜೊತೆಯಲ್ಲಿ ದುಡಿಯುವ ಅಣ್ಣಂದಿರಿಗೆ, ಅಕ್ಕಂದಿರಿಗೆ — ನಮಸ್ಕಾರ.

ಮೊದಲು ಒಂದು ತಿದ್ದುಪಡಿ. ನನ್ನ ಬೆನ್ನ ಹಿಂದಿನ ಬ್ಯಾನರ್ ನೋಡಿ. ‘ಶ್ರದ್ದಾಂಜಲಿ’ ಎಂದಿದೆ. ಬೆಳಿಗ್ಗೆ ಇದನ್ನು ಕಟ್ಟುತ್ತಿದ್ದಾಗ ನಾನು ಕುಳಿತು ನೋಡುತ್ತಿದ್ದೆ. ಅನುಮಾನ ಬಂತು. ಎದ್ದೆ. ಈ ಉದ್ದ ಕೋಣೆಯ ಆ ತುದಿಗೆ ನಡೆದೆ — ಅಗೋ, ಕಿಟಕಿಯ ಪಕ್ಕ ಮರದ ಪೀಠದ ಮೇಲೆ ನಿಘಂಟು ಇದೆಯಲ್ಲ, ಅಲ್ಲಿಗೆ. ನೋಡಿದೆ. ದಕಾರಕ್ಕೆ ಧಕಾರದ ಒತ್ತೇ ಸರಿ. ಮಹಾಪ್ರಾಣ. ಕರಡು ತಿದ್ದುವುದೇ ಕಸುಬಾದ ನಾವು ನಮ್ಮ ಹಿರಿಯ ಕರಡು ತಿದ್ದುವವರಿಗೆ — ಮಹಾಪ್ರಾಣ ಬಿಟ್ಟು — ಗೌರವ ಸಲ್ಲಿಸಲು ಹೊರಟಿದ್ದೇವೆ! ಅವರಿದ್ದಿದ್ದರೆ ಈ ಸಭೆ ಇನ್ನೂ ಶುರುವಾಗುತ್ತಿರಲಿಲ್ಲ.

ನಾವೆಲ್ಲ ಅವರನ್ನು ದೀರ್ಘ ಸಾರ್ ಎನ್ನುತ್ತಿದ್ದೆವು. ಎತ್ತರದ ಆಳೇನಲ್ಲ, ನಿಮಗೆ ಗೊತ್ತು. ಯಾರ ಪುಟದಲ್ಲಿ ಒಂದು ದೀರ್ಘ ಬಿಟ್ಟುಹೋದರೂ ಅದು ಅವರ ಕಣ್ಣಿಗೆ ಬೀಳುತ್ತಿತ್ತು, ಅದಕ್ಕೆ. ಅವರು ನನ್ನನ್ನು ಕರೆಯುತ್ತಿದ್ದುದು ‘ಕರಪತ್ರ’ ಎಂದು. ಇಲ್ಲಿ ಅಚ್ಚಾಗುವ ಕರಪತ್ರಗಳನ್ನು ನಾನು ತಿದ್ದುವುದಷ್ಟೇ ಅಲ್ಲ, ನಂಬುತ್ತೇನೆ ಕೂಡ — ಅದಕ್ಕೆ.

ಆ ನಿಘಂಟು ಮೊದಲು ಅಲ್ಲಿರಲಿಲ್ಲ. ನಮ್ಮ ಮೇಜುಗಳ ನಡುವೆ, ಕೈ ಚಾಚಿದರೆ ಸಿಗುವ ಹಾಗಿತ್ತು. ಒಂದು ಬೆಳಿಗ್ಗೆ ಬಂದು ನೋಡಿದರೆ ಜಾಗ ಖಾಲಿ.

‘ಸಾರ್, ನಿಘಂಟು ಎಲ್ಲಿ?’

‘ಅಲ್ಲಿ.’

‘ಯಾಕೆ ಸಾರ್ ಅಲ್ಲಿ?’

‘ಇಲ್ಲಿ ಇರಬಾರದು ಅಂತ.’

ಅಷ್ಟೇ. ಕಾರಣ ಹೇಳಲಿಲ್ಲ. ಪುಟ ಕಟ್ಟುವ ಅಕ್ಕ ಅವತ್ತೇ ಕೂಗಾಡಿದರು — ‘ಒಂದು ಮಹಾಪ್ರಾಣ ನೋಡೋಕೆ ನಮ್ಮ ಪ್ರಾಣ ತೆಗೀತೀರಲ್ಲ ಸಾರ್!’ ಸಾರ್ ಕನ್ನಡಕದ ಮೇಲಿನಿಂದ ನೋಡಿ, ‘ಕೂತಲ್ಲೇ ಕೂತಿದ್ರೂ ಅದು ಹೋಗುತ್ತೆ ಕಣಮ್ಮ. ನಡಿ ನಡಿ’ ಎಂದರು. ಯಾರಾದರೂ ಕಿಟಕಿಯ ಕಡೆ ಹೊರಟರೆ ಸಾಕು, ತಲೆ ಎತ್ತದೆ ಕೇಳುತ್ತಿದ್ದರು — ‘ಏನು, ಬಾಯಾರಿಕೆ ಆಯ್ತಾ?’

ಈ ಬಾಯಾರಿಕೆಯ ಮಾತು ನಿಮಗೆಲ್ಲ ನೆನಪಿದೆ. ಜ್ಞಾನದ ದಾಹ ಎಂದೇ ನಾವು ತಿಳಿದಿದ್ದೆವು. ನಾನಂತೂ ಅದನ್ನು ಗೋಡೆಯ ಮೇಲೆ ಬರೆಸಬೇಕೆಂದಿದ್ದೆ!

ಆದರೂ ನಾನು ಸುಮ್ಮನಿರಲಿಲ್ಲ. ಪ್ರತಿ ಮೇಜಿಗೂ ಒಂದು ನಿಘಂಟು ಬೇಕು ಎಂದು ಮನವಿ ಬರೆದೆ. ತಲೆಬರಹ — ‘ದುಡಿಯುವವರ ಕಾಲು ಯಾರ ಆಸ್ತಿ?’ ಸಹಿ ಹಾಕಿಸಲು ಮೊದಲು ಅವರ ಹತ್ತಿರವೇ ಒಯ್ದೆ, ಧೈರ್ಯ ನೋಡಿ. ಅವರು ಓದಿದರು, ಪೆನ್ಸಿಲ್ ಹಿಡಿದರು, ಒಂದು ಪದದ ಸುತ್ತ ಗೆರೆ ಎಳೆದರು.

‘ಹಕ್ಕುಗಳ ಉಲ್ಲಂಗನೆ ಅಂತ ಬರೆದಿದ್ದೀಯ. ಗ ಸರಿಯಾ, ಘ ಸರಿಯಾ?’

‘ಅದು... ಅನುಮಾನ ಸಾರ್.’

‘ಉಲ್ಲಂಘನೆ ಅಂದ್ರೆ ಹಾರಿ ದಾಟೋದು ಕರಪತ್ರ. ಹಾರೋದು ಆಮೇಲೆ. ಮೊದಲು ನಡಿ.’

ನಡೆದೆ. ಸಿಟ್ಟಿನಲ್ಲೇ ನಡೆದೆ. ನಿಂತು ನೋಡಿದೆ, ವಾಪಸು ಬಂದೆ. ಬಂದು ಕುಳಿತಾಗ ಒಂದು ವಿಚಿತ್ರ — ಅದೇ ಪುಟದಲ್ಲಿ, ಬೆಳಿಗ್ಗೆಯಿಂದ ಕಣ್ಣೆದುರೇ ಇದ್ದ ಇನ್ನೊಂದು ತಪ್ಪು ಎದ್ದು ಕಂಡಿತು. ಯಾಕೆ ಕಂಡಿತು? ಬೆನ್ನಿನ ಗಂಟು ಸ್ವಲ್ಪ ಸಡಿಲವಾಗಿತ್ತು. ಅದಕ್ಕೂ ಇದಕ್ಕೂ ಸಂಬಂಧ ಉಂಟೋ? ಅವತ್ತಿನಿಂದ ನನಗೆ ಇದೇ ಕುತೂಹಲ. ಸಂಜೆ ಬೇರೆ, ಮೈದಾನ ಬೇರೆ, ಶೂ ಬೇರೆ ಎಂದು ವ್ಯಾಯಾಮವನ್ನು ಬದುಕಿನಿಂದ ಕಿತ್ತು ದೂರ ಇಟ್ಟವರು ಯಾರು? ಕೆಲಸದೊಳಗೇ ಅದನ್ನು ಹೀಗೆ ಬಚ್ಚಿಡಬಹುದು ಎಂದು ಈ ಮನುಷ್ಯನಿಗೆ ಹೊಳೆದದ್ದು ಹೇಗೆ?

ಹೇಗೆ ಎಂದು ಗೊತ್ತಾದದ್ದು ಮೊನ್ನೆ, ಅವರ ಮನೆಯಲ್ಲಿ. ಅಮ್ಮ, ನಿಮ್ಮ ಅಪ್ಪಣೆ ಇದ್ದರೆ ಹೇಳುತ್ತೇನೆ — ತಲೆ ಆಡಿಸಿದರು. ಸರಿ.

ನೀರು ಕೇಳಿದೆ. ‘ಕೊಡ ಹಿಂದಗಡೆ ಇದೆ ಮಗಳೇ, ಲೋಟ ಇಲ್ಲಿದೆ. ಹೋಗಿ ತಗೋ’ ಎಂದರು. ಕೊಡ ಹಿತ್ತಲ ಬಾಗಿಲಲ್ಲಿ, ಲೋಟ ಮುಂದಿನ ಕೋಣೆಯಲ್ಲಿ! ‘ಯಾಕಮ್ಮ ಹೀಗೆ?’ ಎಂದೆ. ಅಷ್ಟು ದುಃಖದಲ್ಲೂ ಅವರಿಗೆ ನಗು ಬಂತು.

‘ಡಾಕ್ಟರು ನಡೀಬೇಕು ಅಂದ್ರು. ಇವರು ಶೂ ತಂದ್ರು. ಆ ಶೂ ಹಾಕ್ಕೊಂಡು ನಡೆದದ್ದಕ್ಕಿಂತ ಪಾಲಿಶ್ ಮಾಡಿದ್ದೇ ಜಾಸ್ತಿ. ಮನೇಲಿ ಕೂತ್ರೆ ಕೂತೇ. ನೀರು ತಾ, ಕನ್ನಡಕ ತಾ, ಪೇಪರ್ ತಾ. ಒಂದು ದಿನ ನೀರು ತಗೊಂಡು ಬರ್ತಾ ಅನ್ನಿಸ್ತು — ಇಷ್ಟು ವರ್ಷ ಇವರ ನಡಿಗೇನೂ ನಾನೇ ನಡೀತಿದ್ದೀನಲ್ಲ? ಕೊಡ ಎತ್ತಿ ಹಿಂದಗಡೆ ಇಟ್ಟೆ. ಬಾಯಾರಿಕೆ ಆದ್ರೆ ಎದ್ದು ಹೋಗಿ ಅಂದೆ.’

‘ಸಿಟ್ಟು ಬರಲಿಲ್ವಾ ಅವರಿಗೆ?’

‘ಬಂತು! ಒಂದು ಸಂಜೆ ಪೂರ್ತಿ ಬಾಯಾರ್ಕೊಂಡೇ ಕೂತಿದ್ರು, ಹಟಕ್ಕೆ. ಆಮೇಲೆ ಎದ್ರು. ಸ್ವಲ್ಪ ದಿನ ಆದ ಮೇಲೆ ಕೆಲಸದಿಂದ ಬಂದವರೇ, ‘ನಿನ್ನ ಕೊಡ ಇವತ್ತು ಆಫೀಸಿಗೂ ಬಂತು ಕಣೇ’ ಅಂದ್ರು. ಏನು ಅಂತ ನನಗೆ ಅರ್ಥ ಆಗಲಿಲ್ಲ.’

ನನಗೆ ಆಯಿತು. ಬಾಯಾರಿಕೆ ಆಯ್ತಾ, ಬಾಯಾರಿಕೆ ಆಯ್ತಾ — ಜ್ಞಾನದ ದಾಹವೂ ಅಲ್ಲ, ಮಣ್ಣೂ ಅಲ್ಲ. ಅದು ಹಿತ್ತಲ ಬಾಗಿಲ ಕೊಡ! ಎಲ್ಲರ ಪುಸ್ತಕದಲ್ಲೂ ತಪ್ಪು ಹುಡುಕಿದ ದೀರ್ಘ ಸಾರ್ ತಮ್ಮದೊಂದು ತಪ್ಪನ್ನು ಹಾಗೇ ಬಿಟ್ಟು ಹೋಗಿದ್ದಾರೆ. ಮೂಲ ಲೇಖಕಿಯ ಹೆಸರೇ ಅಚ್ಚಾಗಿಲ್ಲ. ಅವರ ಶಿಷ್ಯೆಯಾಗಿ ನಾನು ಇವತ್ತು ಅದನ್ನು ತಿದ್ದಿದ್ದೇನೆ.

ನಡೆದೂ ನಡೆದೂ ಏನಾಯಿತು, ಹೋಗಿಬಿಟ್ಟರಲ್ಲ ಎಂದು ಹೊರಗೆ ಯಾರೋ ಅಂದರು. ನಿಜ. ನಡೆದರೆ ಸಾವು ಬರುವುದಿಲ್ಲ ಎಂದು ಯಾವುದಾದರೂ ಕರಪತ್ರ ಹೇಳಿದರೆ ಅದನ್ನು ನಾನೇ ಹರಿದು ಹಾಕುತ್ತೇನೆ. ನನಗೆ ಗೊತ್ತಿರುವುದು ಇಷ್ಟೇ — ಮಧ್ಯಾಹ್ನದ ಹೊತ್ತಿಗೆ ಮೇಜಿನ ಮೇಲೆ ಕುಸಿಯುತ್ತಿದ್ದ ಆ ಮನುಷ್ಯ, ಆಮೇಲಿನ ದಿನಗಳಲ್ಲಿ ಸಂಜೆಯವರೆಗೂ ಜೋಕು ಮಾಡುತ್ತಿದ್ದರು.

ಈಗ ಯಜಮಾನರಿಗೆ ಒಂದು ಮಾತು. ದೀರ್ಘ ಸಾರ್ ನೆನಪಿಗೆ ನಾಳೆಯಿಂದ ಪ್ರತಿ ಮೇಜಿಗೂ ಹೊಸ ನಿಘಂಟು, ಪೀಠ ಗೋದಾಮಿಗೆ ಎಂದು ನೀವು ಹೇಳಿದಿರಿ. ಪ್ರೀತಿಯಿಂದ ಹೇಳಿದಿರಿ. ನನ್ನ ಮನವಿಗೇ ಕೊನೆಗೂ ಒಪ್ಪಿದಿರಿ! ಆದರೆ ಬೇಡ. ಅವರ ನೆನಪಿಗೆಂದು ಅವರು ಮಾಡಿದ್ದನ್ನೇ ಅಳಿಸಬೇಡಿ. ಮೊಣಕಾಲು ನೋವಿರುವ ನಮ್ಮ ಬೈಂಡಿಂಗ್ ಮಾವನ ಮೇಜಿಗೆ ಒಂದು ಕೊಡಿ, ಅವರಿಗೆ ಬೇಕು. ಉಳಿದವು ವಾಪಸು ಹೋಗಲಿ. ಆ ಪೀಠ ಆ ಕಿಟಕಿಯ ಹತ್ತಿರವೇ ಇರಲಿ. ಹಾಂ — ಅಲ್ಲಿಗೆ ನಡೆಯುವ ಹೊತ್ತನ್ನು ಯಾರಾದರೂ ಸೋಮಾರಿತನ ಎಂದರೆ, ಈ ‘ಕರಪತ್ರ’ ಮತ್ತೆ ಮನವಿ ಬರೆಯುತ್ತಾಳೆ. ಈ ಸಲ ‘ಘ’ ಸರಿಯಾಗಿರುತ್ತದೆ.

ಯಜಮಾನರು ಆ ಪೀಠದ ಕಡೆ ತಿರುಗಿ ನೋಡುತ್ತಿದ್ದಾರೆ. ಇರಲಿ, ಯೋಚಿಸಲಿ.

ದೀರ್ಘ ಸಾರ್ ‘ಏಳಿ’ ಎಂದಾಗಲೆಲ್ಲ ನಾವು ಗೊಣಗಿದವರೇ. ಇವತ್ತೊಂದು ದಿನ — ಗೊಣಗದೆ — ಎಲ್ಲರೂ ಏಳೋಣ. ಒಂದು ನಿಮಿಷ, ಮಾತಿಲ್ಲದೆ, ಅವರಿಗಾಗಿ.

ಅಮ್ಮ... ಬೇಡ, ನೀವು ಏಳಬೇಡಿ. ಬೇರೆಯವರ ಪಾಲಿನದನ್ನೂ ಎಷ್ಟೋ ವರ್ಷ ನಡೆದಿದ್ದೀರಿ. ನೀವು ಕೂತಿರಿ.

ನಾವು ನಿಲ್ಲುತ್ತೇವೆ.